ಇಸೊನೆ ನಿಲ್ದಾಣದ ಬಳೆ

೧೯೮೬, ಜನವರಿ ೭. ಹಿಮ, ಆಮೇಲೆ ಮಳೆ

ಬೆಳಿಗ್ಗೆ ಹೊಸ ವರ್ಷದ ವಾಡಿಕೆಯಂತೆ ಏಳು ಬಗೆ ಸೊಪ್ಪಿನ ಗಂಜಿ. ಅಪ್ಪ ಎರಡು ಬಟ್ಟಲು ಉಂಡು, ಸಮವಸ್ತ್ರ ತೊಟ್ಟು, ಒಲೆಯ ಗುಂಡಿ ತಿರುಗಿಸಿ, ರೈಲಿನವರ ರೂಢಿಯಂತೆ ಅದರ ಕಡೆ ಬೆರಳು ಚಾಚಿ "ಒಲೆ ಬಂದ್, ಸರಿ!" ಎಂದು ಗಟ್ಟಿಯಾಗಿ ಹೇಳಿ ನಿಲ್ದಾಣಕ್ಕೆ ಹೋದರು. ಒಲೆಯ ಮೇಲೆ ನನ್ನ ಚಹಾದ ನೀರು ಕಾಯುತ್ತಿತ್ತು. ನಾನು ಮತ್ತೆ ಹಚ್ಚಿಕೊಂಡೆ.

ಮಧ್ಯಾಹ್ನ ಪಂಚಾಯ್ತಿ ಕಚೇರಿಯ ಫುಕುಮಾ ಅವರು ಮನೆಗೆ ಬಂದರು. ನಮ್ಮ ರೈಲು ಮಾರ್ಗ ಮಾರ್ಚ್ ಕೊನೆಗೆ ಮುಚ್ಚುತ್ತದೆ, ಏಪ್ರಿಲ್‌ನಿಂದ ಬಸ್ಸು. ಇದು ಊರಿಗೆಲ್ಲ ಗೊತ್ತಿರುವ ಸಂಗತಿ. ಕೊನೆಯ ದಿನ ಹಂಚಲು ನಿಲ್ದಾಣದ ಚರಿತ್ರೆ ಹೇಳುವ ಸಣ್ಣ ಪುಸ್ತಕ ಬೇಕಂತೆ.

"ನೀನು ಸಾಹಿತ್ಯ ಓದಿದೋಳು. ಸ್ಟೇಷನ್ ಮಾಸ್ಟರ್ ಮಗಳು ಬೇರೆ. ನೀನೇ ಬರಿ, ಚಿಜುರು."

"ನಂಗೆ ಜನರ ಹತ್ರ ಮಾತಾಡೋಕೆ ಬರಲ್ಲ."

"ಮಾತಾಡು ಅಂದೋರು ಯಾರು? ಬರಿ ಅಂದೆ."

"ಮಾತಾಡದೆ ಏನು ಅಂತ ಬರೀಲಿ?"

"ನೋಡು, ಈಗ ವಾದ ಮಾಡೋವಷ್ಟು ಮಾತು ಬಂತಲ್ಲ!"

ತೋಕಿಯೊದ ಪ್ರಕಾಶಕರೊಬ್ಬರು ಹೋದ ವರ್ಷ ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಮೆಚ್ಚಿನ ಕಾದಂಬರಿ ಯಾವುದು ಎಂದು ಕೇಳಿದ್ದಕ್ಕೆ ಅವರ ಮೇಜಿನ ಬೂದಿಬಟ್ಟಲನ್ನೇ ನೋಡುತ್ತ ಕೂತು ಎದ್ದು ಬಂದವಳು ನಾನು. ಫುಕುಮಾ ಅವರಿಗೂ ಇಲ್ಲ ಎನ್ನುವವಳಿದ್ದೆ. ಅಷ್ಟರಲ್ಲಿ ಅವರು, ಊರು ಬಿಟ್ಟು ಹೋದವರಿಗೆಲ್ಲ ಆಮಂತ್ರಣ ಕಳಿಸಬೇಕು, ಹೆಸರು ವಿಳಾಸ ಕಲೆಹಾಕುವುದೂ ನಿನ್ನದೇ ಕೆಲಸ ಎಂದರು.

ಒಪ್ಪಿಕೊಂಡೆ.

ಜನವರಿ ೧೨

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಒಕಾಯಾಮದಲ್ಲಿ ಅವಳ ತಾಯಿಗೆ ಹುಷಾರಿಲ್ಲ, ನೋಡಿ ಬರುತ್ತೇನೆ ಎಂದು ಒಂದು ಪೆಟ್ಟಿಗೆ ಹಿಡಿದು ಹೋದಳು. ಅಜ್ಜಿ ಗುಣವಾದಳಂತೆ. ಅಮ್ಮ ಬರಲಿಲ್ಲ. ಮರುವರ್ಷ ವಿಚ್ಛೇದನವಾಯಿತು. ನಮ್ಮಲ್ಲಿ ಹಾಗೆ ಆದ ಮೇಲೆ ಮಗು ಒಂದು ಮನೆಯದು. ಇನ್ನೊಂದು ಮನೆಯ ಹೆಸರು ಎತ್ತುವುದಿಲ್ಲ. ಅಪ್ಪ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಮ್ಮ ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ, ಒಬ್ಬಳೇ ಇದ್ದಾಳೆ ಎಂಬುದು ಸೋದರತ್ತೆಯ ಬಾಯಿಂದ ತಿಳಿದದ್ದು. ವಿಳಾಸವೂ ಅವರದೇ ದಯೆ.

ಅಮ್ಮ ಹೋದದ್ದು ಈ ಹಳಿಯ ಮೇಲೆ. ವಾಪಸು ಬಂದರೂ ಇದರ ಮೇಲೇ ಬರಬೇಕು ಎಂದು ನನ್ನ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿದೆ. ಹಳಿ ಕಿತ್ತ ಮೇಲೆ ಯಾವ ದಾರಿಯಲ್ಲಿ ಬಂದಾಳು? ಇಪ್ಪತ್ತಮೂರು ವರ್ಷದವಳು ಯೋಚಿಸುವ ರೀತಿಯಲ್ಲ ಇದು, ಗೊತ್ತು. ಬಸ್ಸಿದೆ, ರಸ್ತೆಯಿದೆ. ಆದರೂ ಮಾರ್ಚ್ ಮುಗಿಯುವುದರೊಳಗೆ ಅವಳು ಒಂದು ಸಲ ಇಲ್ಲಿ ಇಳಿಯಬೇಕು. ಪ್ಲಾಟ್‌ಫಾರ್ಮಿನ ಮೇಲೆ ನಾನಿರಬೇಕು. ಅಷ್ಟೇ ನನಗೆ ಬೇಕಾದದ್ದು.

ಜನವರಿ ೧೫

ಪುಸ್ತಕಕ್ಕೆಂದು ಇಷ್ಟು ಬರೆದೆ:

"ಇಸೊನೆ ನಿಲ್ದಾಣ ತೈಶೊ ಹನ್ನೊಂದನೆಯ ವರ್ಷ, ಅಂದರೆ ೧೯೨೨ರಲ್ಲಿ, ಆರಂಭವಾಯಿತು. ಕಟ್ಟಡ ದೇವದಾರು ಮರದ್ದು, ಅಡಿಪಾಯ ಕಡಲ ಕಲ್ಲಿನದು. ಇಲ್ಲಿಯದು ಒಂಟಿ ಹಳಿ. ಎದುರುಬದುರಾಗಿ ಬರುವ ಗಾಡಿಗಳು ಒಂದನ್ನೊಂದು ದಾಟಿಕೊಳ್ಳುವುದು ಇಸೊನೆಯಲ್ಲಿ, ಇಲ್ಲವೇ ಮುಂದಿನ ಒಗಿಹರ ನಿಲ್ದಾಣದಲ್ಲಿ. ಇವೆರಡರ ನಡುವಿನ ಹಳಿಗೆ ಒಂದು ಹೊತ್ತಿಗೆ ಒಂದೇ ಹಿತ್ತಾಳೆ ಬಿಲ್ಲೆ. ಬಿಲ್ಲೆ ಚರ್ಮದ ಚೀಲದಲ್ಲಿ, ಚೀಲ ತೋಳಿಗೆ ತೂಗಿಕೊಳ್ಳುವಷ್ಟು ದೊಡ್ಡ ಬಳೆಯಲ್ಲಿ. ಸ್ಟೇಷನ್ ಮಾಸ್ಟರ್ ತನ್ನ ಕೈಯಾರೆ ಬಳೆಯನ್ನು ಚಾಲಕನಿಗೆ ಕೊಡದೆ ಗಾಡಿ ಹೊರಡುವಂತಿಲ್ಲ. ಆ ಬಳೆ ಒಗಿಹರ ತಲುಪುವವರೆಗೆ ಅಲ್ಲಿ ಕಾದಿರುವ ಗಾಡಿ ಈ ಕಡೆ ಬರುವಂತಿಲ್ಲ."

ಬರೆಯದೆ ಬಿಟ್ಟದ್ದು: ಅಮ್ಮ ಹೋದ ದಿನ ಕೆಲಸದಲ್ಲಿದ್ದವರು ಅಪ್ಪ. ಅವರು ಕೊಡದಿದ್ದರೆ ಆ ಗಾಡಿ ಹೊರಡುತ್ತಿರಲಿಲ್ಲ. ಅವರು ಕೊಟ್ಟರು. ಸಂಜೆ ಮನೆಗೆ ಬಂದು ಕೈಗವಸು ಒಗೆದು ಒಣಗಹಾಕಿದರು. ಅದನ್ನು ನಾನು ನೋಡಿದ್ದೇನೆ.

ಜನವರಿ ೨೦. ವಿಪರೀತ ಗಾಳಿ

ಮೀನು ಮಾರುತ್ತಿದ್ದ ಕುರಾ ಅಜ್ಜಿಯ ಮನೆವರೆಗೆ ಹೋದೆ. ಬಾಗಿಲ ಮುಂದೆ ನಿಂತೆ. ವಾಪಸು ಬಂದೆ.

ಜನವರಿ ೨೨

ಇವತ್ತು ಅಜ್ಜಿಯೇ ಬಾಗಿಲು ತೆಗೆದು, "ಮೊನ್ನೆ ಬಂದು ನಿಂತು ಹೋದೋಳು ನೀನೇ ಅಲ್ವೇನೇ? ಸಾಲ ವಸೂಲಿಯೋರು ಅಂದ್ಕೊಂಡು ಉಸಿರು ಬಿಗಿ ಹಿಡಿದು ಒಳಗೆ ಕೂತಿದ್ದೆ" ಎಂದಳು. ಮೊಣಕಾಲವರೆಗೆ ರಜಾಯಿ ಹೊದ್ದು, ಅಡಿಯಲ್ಲಿ ಕೆಂಡವಿಟ್ಟ ಮೇಜಿನ ಬಳಿ ನನ್ನನ್ನೂ ಕೂರಿಸಿಕೊಂಡಳು. ಎದುರಿಗೆ ಒಣಗಿ ಸುಕ್ಕುಗಟ್ಟಿದ ಪರ್ಸಿಮನ್ ಹಣ್ಣು.

ಯುದ್ಧ ಮುಗಿದ ಮೇಲೆ ಇಲ್ಲಿನ ಹೆಂಗಸರು ತಗಡಿನ ಡಬ್ಬ ಬೆನ್ನಿಗೆ ಕಟ್ಟಿಕೊಂಡು ಮೊದಲ ಗಾಡಿ ಹತ್ತಿ ಪಟ್ಟಣಕ್ಕೆ ಮೀನು ಮಾರಲು ಹೋಗುತ್ತಿದ್ದರು. ಮೀನಿನ ನೀರು ಸೋರಿ ರೈಲು ಡಬ್ಬಿಯೆಲ್ಲ ನಾತ. ಅದಕ್ಕೆ ಕೊನೆಯ ಡಬ್ಬಿಯನ್ನು ಅವರಿಗೇ ಬಿಟ್ಟಿದ್ದರಂತೆ.

"ರಾಜಮನೆತನದೋರಿಗೂ ಬೇರೆ ಡಬ್ಬಿ, ನಮಗೂ ಬೇರೆ ಡಬ್ಬಿ. ಏನು ಕಮ್ಮಿ?"

"ಪ್ಲಾಟ್‌ಫಾರ್ಮ್ ಮೇಲಿರೋ ಕಲ್ಲಿನ ತೊಟ್ಟಿ ಯಾಕೆ ಅಜ್ಜಿ?"

"ಮುಖ ತೊಳೆಯೋಕೆ ಕಣೇ. ಸುರಂಗ ದಾಟಿ ಬಂದ್ರೆ ಹೊಗೆ ಬಡಿದು ಎಲ್ಲರದೂ ಒಂದೇ ಮುಖ. ಒಂದ್ಸಲ ಬೇರೆಯವಳ ಗಂಡನ ಬೆನ್ನು ಉಜ್ಜಿಬಿಟ್ಟಿದ್ದೆ." ನಕ್ಕಳು. ಆಮೇಲೆ ನನ್ನನ್ನೇ ನೋಡಿ, "ನಿಮ್ಮಮ್ಮನೂ ಮೊದಲ ಸಲ ಬಂದಾಗ ಆ ತೊಟ್ಟಿ ಹತ್ರಾನೇ ನಿಂತಿದ್ಲು. ಹೊಸ ಮದುಮಗಳು, ಮೂಗಿನ ಮೇಲೆ ಮಸಿ. ನಿಮ್ಮಪ್ಪ ತನ್ನ ಬಿಳೀ ಕೈಗವಸು ತೆಗೆದು ಒದ್ದೆ ಮಾಡಿ ಕೊಟ್ಟ. ಹೇಳೋಕೆ ಬಾಯಿ ಇಲ್ಲದ ಗಂಡಸು, ಕೈಗವಸು ಕೊಟ್ಟ" ಎಂದಳು.

ನಾನು ಬೇಡ ಬೇಡವೆಂದರೂ ಅಜ್ಜಿ ಒಂದು ಒಣಮೀನು ಕಾಗದದಲ್ಲಿ ಸುತ್ತಿ ಕೊಟ್ಟಳು. ದಾರಿಯಲ್ಲಿ ತೊಟ್ಟಿಯ ಹತ್ತಿರ ನಿಂತೆ. ನಲ್ಲಿ ತುಕ್ಕು ಹಿಡಿದಿದೆ. ನೀರು ಬರುವುದಿಲ್ಲ.

ಫೆಬ್ರವರಿ ೩

ಇವತ್ತು ಆಮಂತ್ರಣಗಳನ್ನು ಅಂಚೆಗೆ ಹಾಕಿದೆ. ಬರುತ್ತೇವೆ, ಬರುವುದಿಲ್ಲ ಎಂದು ಗುರುತು ಹಾಕಿ ವಾಪಸು ಕಳಿಸುವ ಕಾರ್ಡೂ ಜೊತೆಗಿದೆ. ಅಮ್ಮನ ವಿಳಾಸ ಬರೆಯುವಾಗ ಮದುವೆಗೆ ಮುಂಚಿನ ಮನೆಹೆಸರು ಹಾಕಬೇಕಾಯಿತು. ಬೇರೆ ಯಾರಿಗೋ ಬರೆದ ಹಾಗಾಯಿತು. ಅಪ್ಪನಿಗೆ ಹೇಳಿಲ್ಲ.

ಚಳಿಗಾಲ ಕಳುಹಿಸುವ ಹಬ್ಬ; ಸಂಜೆ ಅಪ್ಪ ಹುರಿದ ಸೋಯಾ ಕಾಳು ತಂದು ಬಾಗಿಲಿಗೆ ಎಸೆದರು. "ದೆವ್ವ ಹೊರಗೆ, ಭಾಗ್ಯ ಒಳಗೆ." ದಿನವೆಲ್ಲ ಕೂಗುವ ಮನುಷ್ಯ ಇದನ್ನು ಮಾತ್ರ ಪಿಸುಗುಟ್ಟುತ್ತಾರೆ. ವಯಸ್ಸಿಗೆ ತಕ್ಕಷ್ಟು ಕಾಳು ತಿನ್ನಬೇಕು. "ನಂದು ಮುಗಿಯೋದೇ ಇಲ್ಲ, ಅರ್ಧ ನೀನು ತಿನ್ನು" ಎಂದರು. ತಿನ್ನಲಿಲ್ಲ. ನನ್ನ ಪಾಲಿನದಷ್ಟೇ ತಿಂದು ಎದ್ದೆ.

ಫೆಬ್ರವರಿ ೧೬. ಬಿಸಿಲು, ಆದರೆ ಚಳಿ

ಚಾಲಕ ಕದೊವಾಕಿ ಅವರನ್ನು ಮಾತಾಡಿಸಿದೆ. ಎದುರು ಗಾಡಿ ಹಿಮದಿಂದ ತಡವಾಗಿತ್ತು. ಅವರು ಕಾಯುವ ಕೋಣೆಯ ಒಲೆಯ ಮುಂದೆ ಕೂತು ಬುತ್ತಿ ಬಿಚ್ಚಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊರಗೆ ಅಪ್ಪ ಹಳಿಯ ಕವಲಿನಲ್ಲಿ ಹಿಮ ಗೋರುತ್ತಿದ್ದರು. ಅವರ ಸಲಿಕೆಯ ಸದ್ದು ಕೇಳುತ್ತಿತ್ತು.

ಈ ಬಳೆಯ ವಿಷಯ ಏನಾದರೂ ಹೇಳಿ, ಪುಸ್ತಕಕ್ಕೆ ಬೇಕು ಎಂದೆ.

"ಪುಸ್ತಕಕ್ಕೆ ಹಾಕೋವಂಥದ್ದು ಏನಿಲ್ಲಮ್ಮ. ಭುಜಕ್ಕೆ ಬಡಿದ್ರೆ ನೋಯುತ್ತೆ ಅಂತ ಬರಿ." ಅನ್ನದುಂಡೆ ಕಚ್ಚಿದರು. "ಹಾಕಬಾರದ್ದು ಒಂದಿದೆ. ನಿಂಗೆ ಹೇಳ್ಬೇಕು ಅಂತ ಎಷ್ಟೋ ವರ್ಷದಿಂದ ಇತ್ತು."

"ಹೇಳಿ."

"ನಿಮ್ಮಮ್ಮ ಹೋದ ಗಾಡಿ ಓಡಿಸಿದ್ದು ನಾನೇ. ಆಗ ನಾನು ಹೊಸಬ. ಕಿಟಕಿಯಿಂದ ಕೈ ಚಾಚಿದೀನಿ, ನಿಮ್ಮಪ್ಪ ಬಳೆ ಹಿಡ್ಕೊಂಡು ನಿಂತಿದಾರೆ. ನಾನು ಹಿಡ್ಕೊಂಡೆ. ಅವರು ಬಿಡ್ತಾ ಇಲ್ಲ."

"ಬಿಡ್ಲಿಲ್ವಾ?"

"ಇಲ್ಲ. ನಾನು ಈ ಕಡೆ ಎಳೀತೀನಿ, ಅವರು ಆ ಕಡೆ. ಮಾಸ್ಟರೇ ಅಂದೆ. ಕೇಳಿಸ್ಲೇ ಇಲ್ಲ. ಗಾಡಿ ಹೊರಡೋ ಹೊತ್ತು ಮೀರಿತು. ಜನ ಗಡಿಯಾರ ನೋಡ್ಕೊಳ್ತಾ ಇದ್ರು. ನನ್ನ ಹಿಂದಿನ ಕಿಟಕೀಲೇ ನಿಮ್ಮಮ್ಮ ಕೂತಿದ್ದು. ಕಿಟಕಿ ಎತ್ತಿದ್ರು. 'ಹೊತ್ತಾಗ್ತಿದೆ. ಒಗಿಹರದಲ್ಲಿ ಜನ ಕಾಯ್ತಾ ಇರ್ತಾರೆ' ಅಂದ್ರು. ಗುರುತಿಲ್ಲದೋರ ಹತ್ರ ಮಾತಾಡೋ ಹಾಗೆ, ಅಷ್ಟು ಮರ್ಯಾದೆಯಿಂದ."

"ಅಪ್ಪ ಏನಂದ್ರು?"

"ಟೋಪಿ ಸರಿ ಮಾಡ್ಕೊಂಡ್ರು. 'ತೊಂದರೆ ಕೊಟ್ಟೆ, ಕ್ಷಮಿಸಿ' ಅಂದ್ರು. ಬಳೆ ಬಿಟ್ರು. ಸಿಗ್ನಲ್ ಕಡೆ ಬೆರಳು ಮಾಡಿ 'ಹೊರಡಲು, ಸರಿ!' ಅಂತ ಕೂಗಿದ್ರು. ಧ್ವನಿ ಯಾವತ್ತಿನ ಹಾಗೇ ಇತ್ತು. ಅದಕ್ಕೇ ನಂಗೆ ಇನ್ನೂ ನೆನಪಿದೆ." ಬುತ್ತಿಯ ಬಟ್ಟೆ ಕಟ್ಟುತ್ತ ಹೇಳಿದರು, "ಗಾಡಿ ತಡ ಆಗಿದ್ದು ತಮ್ಮ ಮರೆವಿನಿಂದ ಅಂತ ನಿಮ್ಮಪ್ಪ ಮೇಲಿನೋರಿಗೆ ತಾವೇ ಹೇಳ್ಕೊಂಡ್ರು. ನಾನೂ ಹೌದು ಅಂದೆ."

ಸಲಿಕೆಯ ಸದ್ದು ನಿಂತಿತು. ಅಪ್ಪ ಬಾಗಿಲು ಸರಿಸಿ, "ಕದೊವಾಕಿ, ಎದುರು ಗಾಡಿ ಒಗಿಹರ ಬಿಟ್ಟಿತು. ಹರಟೆ ಸಾಕು" ಎಂದರು.

"ಹರಟೆ ಅಲ್ಲ ಮಾಸ್ಟರೇ, ಚರಿತ್ರೆ!"

ರಾತ್ರಿಯೂಟಕ್ಕೆ ಅಪ್ಪನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದೆ. ಯಾಕೆ ಎಂದು ಕೇಳಿದರು. ನನಗೆ ಹಸಿವಿಲ್ಲ ಎಂದೆ.

ಫೆಬ್ರವರಿ ೧೭

ಏನೂ ಬರೆಯಲಾಗಲಿಲ್ಲ.

ಮಾರ್ಚ್ ೩

ಹೆಣ್ಣುಮಕ್ಕಳ ಗೊಂಬೆ ಹಬ್ಬ. ನಾನು ಎದ್ದಾಗ ಅಪ್ಪ ಆಗಲೇ ಕೆಂಪು ಬಟ್ಟೆ ಹಾಸಿ ರಾಜ ರಾಣಿಯನ್ನು ಕೂರಿಸಿದ್ದರು. ನಾನು ಹುಟ್ಟಿದಾಗ ಅಮ್ಮ ತವರಿನಿಂದ ತಂದ ಗೊಂಬೆಗಳು. ಅಮ್ಮ ಹೋದ ಮೇಲೂ ಇದೊಂದು ತಪ್ಪಿಲ್ಲ. ನಾನು ಓದಲು ದೂರ ಹೋಗಿದ್ದ ವರ್ಷಗಳಲ್ಲಿ ಇಟ್ಟಿದ್ದಿರಾ ಎಂದು ಇವತ್ತು ಮೊದಲ ಸಲ ಕೇಳಿದೆ.

"ಇಡದೇ ಇದ್ರೆ ಇಲಿ ಕಡಿಯುತ್ತೆ" ಎಂದರು.

ರಾಣಿಯ ಬೀಸಣಿಗೆ ಕಳೆದಿದೆ. ಆ ಜಾಗದಲ್ಲಿ ಹಳೆಯ ರೈಲು ಟಿಕೆಟನ್ನು ಸಣ್ಣಗೆ ಮಡಿಸಿ ಇಟ್ಟಿದ್ದಾರೆ. ಈವರೆಗೆ ನಾನು ಗಮನಿಸಿರಲಿಲ್ಲ. ಇಬ್ಬರೂ ಕೂತು ಹಬ್ಬದ ಸಿಹಿ ಪಾನಕ ಕುಡಿದೆವು.

ಮಾರ್ಚ್ ೧೯

ಪುಸ್ತಕ ಅಚ್ಚಿಗೆ ಹೋಯಿತು. ಊರಿನ ಹೆಚ್ಚುಕಡಿಮೆ ಎಲ್ಲರ ಮನೆಗೂ ಹೋಗಿ ಬಂದಿದ್ದೇನೆ. ಕ್ಷೌರದಂಗಡಿಯವರು ಹೇಳಿದ್ದು ಸುಳ್ಳೆಂದು ಅಕ್ಕಿ ಗಿರಣಿಯವರು, ಗಿರಣಿಯವರದು ಸುಳ್ಳೆಂದು ಕ್ಷೌರದವರು. ಇಬ್ಬರನ್ನೂ ಒಂದೇ ಕಡೆ ಕೂರಿಸಿ ಕೇಳಿದ ಮೇಲೆ ಒಂದು ತೀರ್ಮಾನಕ್ಕೆ ಬಂದರು.

ಫುಕುಮಾ ಅವರ ಬಳಿ ಮರುಕಾರ್ಡುಗಳ ಕಟ್ಟಿದೆ. "ಒಕಾಯಾಮದ್ದು ಬಂದಿಲ್ಲ" ಎಂದು ಕೇಳುವ ಮೊದಲೇ ಹೇಳಿದರು. ನಂತರ, "ಬರಲ್ಲ ಅಂತಾನೂ ಬಂದಿಲ್ಲವಲ್ಲ" ಎಂದರು.

ಅದನ್ನೇ ಹಿಡಿದುಕೊಂಡು ಮನೆಗೆ ಬಂದೆ.

ಮಾರ್ಚ್ ೩೧. ಮೋಡ, ಗಾಳಿಯಿಲ್ಲ

ಇಷ್ಟು ಜನವನ್ನು ಇಸೊನೆ ಎಂದೂ ನೋಡಿರಲಿಕ್ಕಿಲ್ಲ. ಎಲ್ಲೆಲ್ಲಿಂದಲೋ ಕ್ಯಾಮೆರಾ ಹಿಡಿದು ಬಂದವರು ಬೇಲಿಯ ಮೇಲೆ, ಪೈನ್ ಮರದ ಕೊಂಬೆಯ ಮೇಲೆ. ಕುರಾ ಅಜ್ಜಿ ಹಳೆಯ ತಗಡಿನ ಡಬ್ಬ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಫೋಟೋ ತೆಗೆಯಲು ಬಗ್ಗಿದವನೊಬ್ಬನಿಗೆ, "ಮುಚ್ಚೋ ದಿನ ಇಷ್ಟು ಜನ ಬರ್ತೀರಲ್ಲೋ, ಓಡೋ ದಿನ ಎಲ್ಲಿ ಸತ್ತಿದ್ರಿ? ಆಗ ಬಂದಿದ್ರೆ ಮುಚ್ತಿರಲಿಲ್ಲ!" ಎಂದು ಬೈದಳು. ಅವನು ತಲೆ ಬಾಗಿಸಿ ಕ್ಷಮೆ ಕೇಳಿದ. ಅಜ್ಜಿಗೆ ಅವನನ್ನು ನೋಡಿ ಪಾಪ ಎನಿಸಿ ಕಿತ್ತಳೆ ಹಣ್ಣು ಕೊಟ್ಟಳು.

ನಾನು ಬೆಳಗಿನ ಗಾಡಿಯಿಂದಲೂ ಪ್ಲಾಟ್‌ಫಾರ್ಮಿನ ಮೇಲೇ ಇದ್ದೆ. ಒಂದೊಂದು ಗಾಡಿ ಬಂದಾಗಲೂ ಇಳಿಯುವವರ ಮುಖ ನೋಡಿದೆ. ಅಮ್ಮನಿಗೆ ಈಗ ಎಷ್ಟು ವಯಸ್ಸು ಎಂದು ಗೊತ್ತು. ಮುಖ ಹೇಗಿರಬಹುದೆಂದು ಗೊತ್ತಿಲ್ಲ. ಬೂದು ಕೋಟಿನ ಹೆಂಗಸೊಬ್ಬರು ಇಳಿದು ಸುತ್ತ ನೋಡಿದರು. ನನ್ನ ಕಾಲು ಕಿತ್ತು ಬರಲಿಲ್ಲ. ಅಷ್ಟರಲ್ಲಿ ಅವರ ಗಂಡ ಹಿಂದಿನಿಂದ ಇಳಿದು ಶೌಚಾಲಯ ಎಲ್ಲಿ ಎಂದು ಕೇಳಿದ.

ಜನ ಹಳಿಯ ಅಂಚಿಗೆ ನುಗ್ಗತೊಡಗಿದಾಗ ಕೂಗಿ ಕೂಗಿ ಫುಕುಮಾ ಅವರ ಗಂಟಲು ಕಟ್ಟಿತು. ಮೈಕು ನನ್ನ ಕೈಗೆ ತುರುಕಿದರು. ಹಿಂದೆ ಸರಿಯಿರಿ, ಬಿಳಿ ಗೆರೆ ದಾಟಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ ಎಂದು ಕತ್ತಲಾಗುವವರೆಗೂ ಹೇಳುತ್ತಿದ್ದೆ. ಅದರಿಂದ ಮುಖಗಳನ್ನು ಸರಿಯಾಗಿ ನೋಡಲಾಗಲಿಲ್ಲ ಎಂಬುದೇ ಬೇಸರ.

ಕೊನೆಯ ಗಾಡಿ ಕದೊವಾಕಿ ಅವರದು. ಗಾಡಿ ನಿಂತ ಕೂಡಲೇ ಚಾಲಕನ ಕಿಟಕಿಯ ಕಡೆ ಹೋಗಬೇಕಾದ ಅಪ್ಪ ಮೊದಲು ಬಾಗಿಲಿನ ಕಡೆ ನೋಡಿದರು. ಇಳಿದವರು ಮುಗಿಯುವವರೆಗೆ ನೋಡಿದರು. ಆಮೇಲೆ ಮುಂದೆ ಹೋದರು. ಆಮಂತ್ರಣದ ಮಾತು ನಾನು ಹೇಳಿಯೇ ಇಲ್ಲ. ಫುಕುಮಾ ಹೇಳಿದರೋ, ಅಥವಾ ಇಷ್ಟು ವರ್ಷವೂ ಪ್ರತಿ ಗಾಡಿ ಬಂದಾಗ ಹೀಗೇ ನೋಡುತ್ತಿದ್ದರೋ. ನಾನು ಅವರ ಬೆನ್ನನ್ನು ಮಾತ್ರ ನೋಡುತ್ತ ಬೆಳೆದವಳು. ನನಗೆ ತಿಳಿಯದು.

ಬಳೆ ಕೊಟ್ಟರು. ಕದೊವಾಕಿ ತೋಳಿಗೆ ಹಾಕಿಕೊಂಡರು. "ಹೊರಡಲು, ಸರಿ!" ಶಾಲೆಯ ಮಕ್ಕಳ ವಾದ್ಯ, ಜನರ ಕೂಗು, ಕಾಗದದ ಪಟ್ಟಿಗಳು. ಗಾಡಿಯ ಕೆಂಪು ದೀಪ ತಿರುವಿನಲ್ಲಿ ಹೋದ ಮೇಲೂ ಅಪ್ಪ ಹಣೆಗೆ ಹಚ್ಚಿದ ಕೈ ಇಳಿಸಲಿಲ್ಲ. ಎಲ್ಲರೂ ಅತ್ತರು. ಅಪ್ಪ ಅಳಲಿಲ್ಲ. ಜನ ಚದುರಿದ ಮೇಲೆ ಪೊರಕೆ ತಂದು ಕಾಗದ ಗುಡಿಸಿದರು. ನಾನೂ ಒಂದು ಪೊರಕೆ ತೆಗೆದುಕೊಂಡೆ.

ಅಮ್ಮ ಬರಲಿಲ್ಲ.

ಏಪ್ರಿಲ್ ೧

ಬಸ್ಸು ಬಂತು. ನಿಲ್ದಾಣದ ಮುಂದೆ ನಿಂತು ಹೋಯಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಏಪ್ರಿಲ್ ೫

ಅಪ್ಪನಿಗೆ ನಿವೃತ್ತಿಯಾಗಿದೆ. ಬೆಳಿಗ್ಗೆ ಮಾಮೂಲಿನ ಹೊತ್ತಿಗೇ ಎದ್ದು, ಮಾಮೂಲಿನಂತೆ ಕ್ಷೌರ ಮಾಡಿಕೊಂಡು, ವರಾಂಡದಲ್ಲಿ ಕೂರುತ್ತಾರೆ. ನಿನ್ನೆ ಮೂಲಂಗಿ ಹೆಚ್ಚಿ ಕೊಡುತ್ತೇನೆ ಎಂದರು. ಎಲ್ಲ ಹೋಳುಗಳೂ ಒಂದೇ ಅಳತೆ. ಚೆನ್ನಾಗಿದೆ ಎಂದೆ. "ಸುಮ್ನೆ ಹೇಳ್ಬೇಡ" ಎಂದರು. ಆದರೆ ಇವತ್ತು ತಾವಾಗಿಯೇ ಚಾಕು ಎತ್ತಿಕೊಂಡರು.

ಸಾರಿಗೆ ಹಾಕುವ ಕಡಲಸೊಪ್ಪು ಅವರಿಗೆ ಇಷ್ಟವಿಲ್ಲವಂತೆ. ಇಷ್ಟು ವರ್ಷ ನಾನು ಹಾಕುತ್ತಲೇ ಇದ್ದೆ, ಅವರು ಉಣ್ಣುತ್ತಲೇ ಇದ್ದರು.

ಏಪ್ರಿಲ್ ೧೦. ಬೆಚ್ಚಗೆ. ಚೆರ್ರಿ ಅರಳಿದೆ

ಎದ್ದಾಗ ಅಪ್ಪ ಇರಲಿಲ್ಲ. ಮದುವೆ ಸಮಾರಂಭಕ್ಕೆ ಹಾಕುವ ಕಪ್ಪು ಸೂಟೂ ಇರಲಿಲ್ಲ. ಮೇಜಿನ ಮೇಲೆ ಇಟ್ಟಿದ್ದ ನನ್ನ ಪುಸ್ತಕದ ಪ್ರತಿ ಇಲ್ಲ. ಅನ್ನ ಮಾಡಿಟ್ಟಿದ್ದರು, ತಳ ಹತ್ತಿತ್ತು.

ಗಾಬರಿಯಿಂದ ಕುರಾ ಅಜ್ಜಿಯ ಮನೆಗೆ ಓಡಿದೆ. ಬಾಗಿಲು ಬಡಿಯದೆ ಒಳಗೆ ಹೋದೆ.

"ಅಪ್ಪ ಇಲ್ಲಿಗೆ ಬಂದಿದ್ರಾ?"

"ನಿನ್ನೆ ಬಂದಿದ್ದ. ಇಷ್ಟು ವರ್ಷ ಊರಿಗೆಲ್ಲ ಟೈಮ್ ಹೇಳಿದ ಪುಣ್ಯಾತ್ಮ, ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ನನ್ನ ಕೇಳ್ತಾನೆ! ಒಕಾಯಾಮಕ್ಕೆ ಎಲ್ಲಿ ಬದಲಾಯಿಸ್ಬೇಕು ಅಂತಾನೂ ಕೇಳ್ದ. ನಂಗೇನು ಗೊತ್ತು, ನಾನು ಬಸ್ಸೇ ಹತ್ತಿಲ್ಲ."

"ಒಕಾಯಾಮಕ್ಕಾ?"

"ಬಾಯಿ ಮುಚ್ಕೋ, ನೊಣ ಹೋಗುತ್ತೆ. ಕೂತ್ಕೋ, ಚಹಾ ಕುಡಿ."

ಕೂರಲಿಲ್ಲ. ಇಡೀ ದಿನ ಕಾಯುವ ಕೋಣೆಯ ಬೆಂಚಿನ ಮೇಲೆ ಕೂತಿದ್ದೆ. ಮೊದಲು ಅಮ್ಮನ ಬಗ್ಗೆ ಯೋಚಿಸಿದೆ. ಬಾಗಿಲು ತೆಗೆದಾಳೇ, ಏನು ಹೇಳಿಯಾಳು, ನನ್ನ ವಿಷಯ ಕೇಳಿಯಾಳೇ. ಮಧ್ಯಾಹ್ನದ ಮೇಲೆ ಅಪ್ಪ ಊಟ ಮಾಡಿದರೋ ಇಲ್ಲವೋ ಎಂಬ ಯೋಚನೆ ಹತ್ತಿತು. ಗಾಡಿ ಬದಲಾಯಿಸುವಲ್ಲಿ ಯಾರನ್ನಾದರೂ ಕೇಳಬೇಕು, ಅವರು ಕೇಳುವವರಲ್ಲ. ಅಂಗಡಿಯ ಮುಂದೆ ಹೋಗಿ ನಿಂತು, ಬಾಗಿಲು ತಟ್ಟದೆ ವಾಪಸು ಹೊರಟರೆ? ನಮ್ಮ ಮನೆತನಕ್ಕೇ ಆ ಗುಣ ಇದೆ. ಹೊಸ ಬೂಟು ಕಚ್ಚುತ್ತದೆ ಎಂದು ಹೋದ ಚಳಿಗಾಲದಲ್ಲೇ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಬಸ್ಸುಗಳು ಬಂದವು. ಶಾಲೆಯ ಮಕ್ಕಳು, ಔಷಧಿ ಚೀಲ ಹಿಡಿದ ಮುದುಕರು.

ಸಂಜೆಯ ಬಸ್ಸಿನಲ್ಲಿ ಅಪ್ಪ ಬಂದರು. ಮೆಟ್ಟಿಲಲ್ಲಿ ತಡವರಿಸಿ ಕಂಬಿ ಹಿಡಿದುಕೊಂಡರು. ನಾನು ಓಡಿಹೋಗಿ ಕೈ ಹಿಡಿದೆ. ಹಾಗೆ ಅವರ ಕೈ ಹಿಡಿದು ಎಷ್ಟು ಕಾಲವಾಗಿತ್ತೋ. ಕೈ ಒರಟಾಗಿದೆ, ಬೆಚ್ಚಗಿದೆ.

"ಊಟ?" ಎಂದೆ.

"ಆಯ್ತು. ಅವಳೇ ನೂಡಲ್ಸ್ ಮಾಡಿಕೊಟ್ಲು."

ಮನೆಯ ಕಡೆ ನಡೆದೆವು. ಅವರು ಕುಂಟುತ್ತಿದ್ದರು. ಮೀನು ಒಣಹಾಕುವ ಬಯಲು ದಾಟಿದೆವು. ಆಮೇಲೆ ಅವರಾಗಿ ಹೇಳಿದರು.

"ಕೇಳ್ಬೇಕಾದ್ದು ಒಂದಿತ್ತು. ಯಾಕೆ ಹೋದೆ ಅಂತ. ಕೇಳ್ದೆ."

"ಏನಂದ್ರು?"

"ಅವಳೂ ಒಂದು ಕೇಳ್ದಳು. 'ಹೊತ್ತಾಗ್ತಿದೆ ಅಂತ ಬಾಯಿಮಾತಿಗೆ ಅಂದೆ. ಅಷ್ಟು ಜನರ ಮುಂದೆ ಇನ್ನೇನು ಹೇಳೋಕಾಗ್ತಿತ್ತು? ನೀವು ಯಾಕೆ ಬಳೆ ಕೊಟ್ಟಿರಿ?' ಅಂತ."

"ನೀವೇನು ಹೇಳಿದ್ರಿ?"

"ಒಗಿಹರದಲ್ಲಿ ಗಾಡಿ ಕಾಯ್ತಿತ್ತು ಅಂದೆ." ನಿಂತು ಬೂಟಿನೊಳಗೆ ಬೆರಳು ಹಾಕಿ ಸರಿಮಾಡಿಕೊಂಡರು. "ಇಬ್ರೂ ನಕ್ಕುಬಿಟ್ವಿ. ಆಮೇಲೆ ಅವಳು ಅತ್ತಳು. ನಾನು ನೂಡಲ್ಸ್ ತಿಂದೆ."

"ಬರ್ತಾರಂತಾ?"

"ಇಲ್ಲ. ಅವಳಿಗೆ ಅಲ್ಲೇ ಬದುಕಿದೆ. ನಿನ್ನ ಪುಸ್ತಕ ಕೊಟ್ಟೆ. ನಾನಿದ್ದಾಗಲೇ ಓದೋಕೆ ಶುರು ಮಾಡಿದ್ಲು." ಸ್ವಲ್ಪ ದೂರ ನಡೆದ ಮೇಲೆ ಹೇಳಿದರು, "ನೀನೊಂದು ಸಲ ಹೋಗಿ ಬಾ, ಚಿಜು. ಬಾಗಿಲು ತೆಗೀತಾಳೆ."

ಅಪ್ಪನ ಹಿಮ್ಮಡಿಯಲ್ಲಿ ಎರಡು ಬೊಬ್ಬೆ ಎದ್ದಿವೆ. ಬಿಸಿನೀರಲ್ಲಿ ಕಾಲಿಡಿಸಿ ಮುಲಾಮು ಹಚ್ಚಿದೆ. ಸಾರಿಗೆ ಕಡಲಸೊಪ್ಪು ಹಾಕಲಿಲ್ಲ.

ಪಾತ್ರೆ ತೊಳೆಯುವಾಗ ಒಮ್ಮೆಲೇ ಹೊಳೆಯಿತು. ಸಂಜೆ ಬಸ್ಸಿನ ಬಾಗಿಲು ತೆರೆದಾಗ, ಅಪ್ಪನ ಹಿಂದೆ ಇನ್ನಾರಾದರೂ ಇಳಿಯುತ್ತಾರೋ ಎಂದು ನೋಡುವುದೇ ನನಗೆ ಮರೆತುಹೋಗಿತ್ತು.